ಕರು ಹುಟ್ಟಿದ ದಿನವೇ ನಡೆಯುತ್ತದೆ, ಬೆಕ್ಕಿನ ಮರಿ ಕಣ್ಣನ್ನೂ ಬಿಡುವುದಿಲ್ಲ, ಏಕೆ?

ಮರಿಯ ಬೆಳವಣಿಗೆಯಲ್ಲಿ ಎಷ್ಟು ಪಾಲು ಗರ್ಭದಲ್ಲಿ ಮುಗಿಯಬೇಕು, ಎಷ್ಟು ಪಾಲು ಹೊರಗೆ ಹಾಲಿನ ಬಲದಿಂದ ಸಾಗಬೇಕು ಎಂಬುದನ್ನು ಆಯಾ ಪ್ರಾಣಿಯ ಬದುಕಿನ ರೀತಿಯೇ ಬಹುಮಟ್ಟಿಗೆ ರೂಪಿಸಿದೆ.

ಮೂಡಿಗೆರೆಯ ನಮ್ಮ ಕೊಟ್ಟಿಗೆಯಲ್ಲಿ ಹುಟ್ಟಿದ ಕರು ಒಂದೆರಡು ಗಂಟೆಯೊಳಗೆ ನಡುಗುವ ಕಾಲೂರಿ ಎದ್ದು ಕೆಚ್ಚಲನ್ನು ಹುಡುಕುತ್ತದೆ. ಅಟ್ಟದ ಗೋಣಿತಾಟಿನ ಮೇಲಿನ ಬೆಕ್ಕಿನ ಮರಿಗಳು ವಾರ, ಹತ್ತು ದಿನ ಕಣ್ಣು ಮುಚ್ಚಿಕೊಂಡೇ ಇರುತ್ತವೆ. ಹಸುವಿನ ಗರ್ಭಾವಧಿ ಸುಮಾರು 280 ದಿನ, ಬೆಕ್ಕಿನದು ಸುಮಾರು 65. ಬಯಲಿನಲ್ಲಿ ಮೇಯುತ್ತ ಸಾಗುವ ಹಿಂಡಿನ ಪ್ರಾಣಿಗೆ, ಹಿಂದೆ ಉಳಿದ ಮರಿ ಬೇಟೆಗಾರನ ಪಾಲಾಗುತ್ತದೆ. ಆದ್ದರಿಂದ ಒಂದೇ ಮರಿಯನ್ನು ಒಳಗೇ ಬಲಿಸಿ ಹೆರುವುದು ಅದಕ್ಕೆ ಲಾಭ. ಬೆಕ್ಕು ತಾನೇ ಬೇಟೆಗಾರ: ಹೊಟ್ಟೆ ಭಾರವಾದರೆ ಇಲಿ ಹಿಡಿಯುವುದು ಕಷ್ಟ, ಮರಿಗಳನ್ನು ಬಚ್ಚಿಡಲು ಮಾತ್ರ ಮೂಲೆಗಳಿಗೆ ಕೊರತೆಯಿಲ್ಲ. ಸಕಲೇಶಪುರದ ತೋಟಗಳಲ್ಲಿ ಹಾದುಹೋಗುವ ಆನೆಯಂತೂ ಸುಮಾರು 22 ತಿಂಗಳು ಹೊರುತ್ತದೆ.

ಈ ಹೊಂದಾಣಿಕೆ ಸಾಧ್ಯವಾದದ್ದು ಹಾಲಿನಿಂದ. ಸ್ತನಿಗಳ ವಿಕಾಸದಲ್ಲಿ ಹಾಲು ಮೊದಲು ಬಂದಿತು, ಮರಿ ಹೆರುವುದು ಆಮೇಲೆ. ಆಸ್ಟ್ರೇಲಿಯಾದ ಪ್ಲಾಟಿಪಸ್ ಎಂಬ ಸ್ತನಿ ಇಂದಿಗೂ ಮೊಟ್ಟೆಯಿಟ್ಟು, ಒಡೆದು ಬಂದ ಮರಿಗೆ ಹಾಲೂಡಿಸುತ್ತದೆ. ಮೊಲೆತೊಟ್ಟು ಮಾತ್ರ ಅದಕ್ಕಿಲ್ಲ, ಹಾಲು ಚರ್ಮದಿಂದಲೇ ಒಸರುತ್ತದೆ.