ಬಿದ್ರಿ ಹೂದಾನಿ ಯಾಕೆ ಒಡೆಯಿತು? ಲೋಹಗಳ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆಯಲ್ಲಿ, ಹೊಲದಲ್ಲಿ ಬಳಸುವ ಲೋಹದ ಸಾಮಾನುಗಳ ಬಗ್ಗೆ ಏನೇ ಸಂದೇಹವಿದ್ದರೂ ಬರೆಯಿರಿ ಎಂದು ಕೇಳಿದ್ದೆ. ಬರೆದಿದ್ದೀರಿ, ಸಂತೋಷ. ನಾನು ಬೀದರಿನ ಚೌಬಾರಾದ ಹತ್ತಿರದ ಓಣಿಯಲ್ಲಿ ಬೆಳೆದವಳು, ಇದೇ ಊರಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದವಳು. ಹಾಗಾಗಿ ಕಪ್ಪು ಮೈಯ ಮೇಲೆ ಬೆಳ್ಳಿ ಕೂರಿಸುವ ನಮ್ಮೂರಿನ ಬಿದ್ರಿಯ ಮಾತು ಬಂದರೆ ನನ್ನ ಉತ್ತರ ಉದ್ದವಾಗುತ್ತದೆ. ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ.

ಮಗಳ ಲಗ್ನದಾಗ ಬೀಗರು ಕೊಟ್ಟ ಬಿದ್ರಿ ಹೂದಾನಿ ಕೈಜಾರಿ ಬಿದ್ದು ಕುತ್ತಿಗಿ ಹತ್ರ ಮುರೀತು. ಒಳಗ ನೋಡಿದ್ರ ಬೂದಿ ಬಣ್ಣ, ಹರಳು ಹರಳು. ಬೆಳ್ಳಿ, ತಾಮ್ರ ಹಾಕಿದ ಸಾಮಾನು ಗಾಜಿನಂಗ ಒಡೀತದೇನ್ರಿ? ಅಂಗಡಿಯಾಂವ ಮೋಸ ಮಾಡ್ಯಾನೇನು? ವೆಲ್ಡಿಂಗ್ ಮಾಡಿಸಬಹುದಾ?
— ಓದುಗರು, ಹುಮನಾಬಾದ್

ಇದರಲ್ಲಿ ಮೋಸವೇನೂ ಕಾಣುವುದಿಲ್ಲ ತಾಯಿ. ಒಡೆದ ಜಾಗದಲ್ಲಿ ನೀವು ಕಂಡ ಬೂದು ಹರಳುಗಳು ಸತುವಿನವು. ನಮ್ಮ ಕಡೆ ಜಸ್ತ ಅನ್ನುತ್ತೇವಲ್ಲ, ಅದೇ. ಬಿದ್ರಿಯ ಮೈಯೆಲ್ಲ ಅದೇ ಲೋಹ. ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಎಂಬುದು ಬಿದ್ರಿಯವರ ರೂಢಿಯ ಲೆಕ್ಕ. ಬೆಳ್ಳಿ ಇರುವುದು ಮೇಲಿನ ಕೆತ್ತನೆಯ ಗೆರೆಗಳಲ್ಲಿ ಮಾತ್ರ.

ಬೆಳ್ಳಿಯನ್ನು ಬಡಿದರೆ ಹಾಳೆಯಾಗುತ್ತದೆ, ಎಳೆದರೆ ತಂತಿಯಾಗುತ್ತದೆ. ತಾಮ್ರವೂ ಹಾಗೆಯೇ. ಸತು ಹಾಗಲ್ಲ, ತಣ್ಣಗಿದ್ದಾಗ ಬಡಿದರೆ ಬಿರಿಯುತ್ತದೆ. 100ರಿಂದ 150 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದಾಗ ಮಾತ್ರ ಮೆತ್ತಗಾಗಿ ತಗಡಾಗಲು ಒಪ್ಪುತ್ತದೆ, ಇನ್ನೂ ಕಾಯಿಸಿದರೆ ಮತ್ತೆ ಬಿರುಸಾಗುತ್ತದೆ. ಅದಕ್ಕೇ ಬಿದ್ರಿಯವರು ಹೂದಾನಿಯನ್ನು ತಟ್ಟಿ ಮಾಡುವುದಿಲ್ಲ, ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಎರಕದ ಸಾಮಾನು ಕಲ್ಲಿನ ನೆಲಕ್ಕೆ ಬಿದ್ದರೆ ಮುರಿಯುವುದು ಸಹಜ.

ವೆಲ್ಡಿಂಗ್ ಅಂಗಡಿಗೆ ಮಾತ್ರ ದಯವಿಟ್ಟು ಒಯ್ಯಬೇಡಿ. ಸತು 420 ಡಿಗ್ರಿಯ ಹತ್ತಿರ ಕರಗುತ್ತದೆ, 907ಕ್ಕೆ ಕುದಿದು ಆವಿಯಾಗುತ್ತದೆ. ವೆಲ್ಡಿಂಗ್ ಜ್ವಾಲೆಯ ಬಿಸಿ ಇದಕ್ಕಿಂತ ಎಷ್ಟೋ ಹೆಚ್ಚು. ನಿಮ್ಮ ಹೂದಾನಿ ಕಣ್ಣೆದುರೇ ಕುಸಿಯುತ್ತದೆ. ಏಳುವ ಬಿಳಿ ಹೊಗೆ ಕುಡಿದ ವೆಲ್ಡರನಿಗೆ ಅಂದು ರಾತ್ರಿ ನಡುಕ ಹುಟ್ಟಿಸುವ ಜ್ವರ ಬರಬಹುದು. ಎರಡೂ ತುಂಡುಗಳನ್ನು ಹತ್ತಿಯಲ್ಲಿ ಸುತ್ತಿ ಬೀದರಿಗೆ ತನ್ನಿ, ಬಿದ್ರಿ ಮಾಡುವವರ ಕೈಗೇ ಕೊಡಿ.

ಬಿದ್ರಿ ತಾಟನ್ನು ಹಬ್ಬಕ್ಕೆಂದು ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಬೆಳ್ಳಿ ಹೊಳೆಯಿತು, ಆದರೆ ಕಪ್ಪು ಹೋಗಿ ಕಲೆಕಲೆಯಾಯಿತು. ಅದು ಬಣ್ಣ ಬಳಿದದ್ದೇ? ಬೆಳ್ಳಿ ಯಾಕೆ ಕಪ್ಪಾಗಿರಲಿಲ್ಲ?
— ಗೃಹಿಣಿ, ಕಲಬುರಗಿ

ನಿಮ್ಮ ಪತ್ರ ಓದಿ ನನ್ನ ಅವ್ವನ ಎಲೆ ಅಡಿಕೆ ಡಬ್ಬಿ ನೆನಪಾಯಿತು. ಕಾಲೇಜು ಸೇರಿದ ಹೊಸದರಲ್ಲಿ ಹಿತ್ತಾಳೆ ತಂಬಿಗೆಗಳ ಜೊತೆ ಅದನ್ನೂ ಹುಣಸೆಹಣ್ಣಿನಲ್ಲಿ ತಿಕ್ಕಿ ಬಿಸಿಲಿಗಿಟ್ಟಿದ್ದೆ. ಅವ್ವ ಬೈಯಲಿಲ್ಲ. ಡಬ್ಬಿಯನ್ನು ಸೆರಗಿನಲ್ಲಿ ಒರೆಸುತ್ತ ಬಹಳ ಹೊತ್ತು ಕೂತಿದ್ದಳು. ಅದು ಅವಳ ತವರಿನಿಂದ ಬಂದ ಒಂದೇ ಸಾಮಾನು.

ಆ ಕಪ್ಪು ಬಳಿದ ಬಣ್ಣವಲ್ಲ, ಲೋಹದ ಮೈಯಲ್ಲೇ ಹುಟ್ಟಿದ್ದು. ಬಿದ್ರಿಯಲ್ಲಿ ಎರಡು ಸಲ ಕಪ್ಪು ಮಾಡುತ್ತಾರೆ, ಎರಡರ ಕಾರಣವೂ ಬೇರೆ. ಎರಕ ತೆಗೆದು ಅರ ಹಾಕಿದ ಮೇಲೆ ಮೈ ಬೆಳ್ಳಗೆ ಮಿನುಗುತ್ತಿರುತ್ತದೆ. ಅದರ ಮೇಲೆ ಉಳಿಯ ಗೆರೆ ಕಣ್ಣಿಗೆ ಕಾಣುವುದಿಲ್ಲ. ಆಗ ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ, ನೀರು ಸವರುತ್ತಾರೆ. ಸತು ಬಲು ಉದಾರಿ, ತಾನು ಕರಗಿ ನೀರಿಗೆ ಇಳಿಯುತ್ತದೆ. ನೀರಿನಲ್ಲಿದ್ದ ತಾಮ್ರ ಆ ಜಾಗದಲ್ಲಿ ಬಂದು ಕೂರುತ್ತದೆ. ಕೂತ ತಾಮ್ರ ಎಷ್ಟು ನಯವಾದ ಪುಡಿಯೆಂದರೆ ಕೆಂಪಾಗಿ ಕಾಣದೆ ಕಪ್ಪಾಗಿ ಕಾಣುತ್ತದೆ. ಅದರ ಮೇಲೆ ಚಿತ್ತಾರ ಗೀರಿ, ಕೊರೆದು, ಬೆಳ್ಳಿಯ ತಂತಿಯನ್ನೋ ತಗಡನ್ನೋ ತಟ್ಟಿ ಕೂರಿಸುತ್ತಾರೆ. ಮತ್ತೆ ಅರ ಹಾಕಿದಾಗ ಈ ಮೊದಲ ಕಪ್ಪು ಪೂರಾ ಹೋಗುತ್ತದೆ. ಬೆಳ್ಳಿಯೂ ಸತುವೂ ಒಂದೇ ಬಣ್ಣವಾಗಿ, ಇಷ್ಟು ದಿನದ ಕೆಲಸವೆಲ್ಲ ಮಾಯವಾದಂತೆ ಕಾಣುತ್ತದೆ.

ಆಮೇಲೆ ಬರುತ್ತದೆ ಕೋಟೆಯ ಮಣ್ಣು. ಬೀದರ ಕೋಟೆಯೊಳಗೆ ಮಳೆ, ಬಿಸಿಲು ತಾಗದ ಹಳೆಯ ಜಾಗದ ಮಣ್ಣು ಅದು. ಚಿಕ್ಕವಳಿದ್ದಾಗ ಓಣಿಯ ಕಾರ್ಖಾನೆಯ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದೆ. ಮುದುಕರೊಬ್ಬರು ಚಿಟಿಕೆ ಮಣ್ಣನ್ನು ನಾಲಿಗೆಯ ತುದಿಗಿಟ್ಟು, ಕಣ್ಣು ಮುಚ್ಚಿ ಒಂದು ಕ್ಷಣ ತಡೆದು, ‘ಹೂಂ’ ಎನ್ನುತ್ತಿದ್ದರು. ರುಚಿ ಹಿಡಿಸದಿದ್ದರೆ ಆ ಬುಟ್ಟಿ ಪಕ್ಕಕ್ಕೆ ಹೋಗುತ್ತಿತ್ತು. ಅವರು ಹುಡುಕುತ್ತಿದ್ದದ್ದು ಮಣ್ಣಿನೊಳಗಿನ ಉಪ್ಪುಗಳನ್ನು ಎಂದು ನನಗೆ ತಿಳಿದದ್ದು ಬಿ.ಎಸ್ಸಿ. ಓದುವಾಗ. ಮಣ್ಣಿಗೆ ನವಸಾಗರ (ಅಮೋನಿಯಂ ಕ್ಲೋರೈಡ್) ಮತ್ತು ನೀರು ಸೇರಿಸಿ ಕುದಿಸಿ, ಬೆಚ್ಚಗೆ ಮಾಡಿದ ಸಾಮಾನಿಗೆ ತಿಕ್ಕುತ್ತಾರೆ. ಮೇಲ್ಮೈಯ ಸತು ಚೂರು ಕರಗಿ ಹೊರಡುತ್ತದೆ. ಹಿಂದೆ ಉಳಿದ ತಾಮ್ರ ಆ ಉಪ್ಪಿನ ನೀರಿನಲ್ಲಿ ಆಕ್ಸಿಜನ್ ಜೊತೆ ಕೂಡಿ ಕಪ್ಪು ಪೊರೆಯಾಗುತ್ತದೆ. ಹದಿನಾರಕ್ಕೆ ಒಂದು ಪಾಲು ತಾಮ್ರ ಹಾಕುವ ಮರ್ಮ ಇಲ್ಲಿದೆ. ಬರೀ ಸತುವಿಗೆ ಈ ಕಾಡಿಗೆಯಂಥ ಕಪ್ಪು ಬರುವುದಿಲ್ಲ.

ಬೆಳ್ಳಿ ಸುಲಭಕ್ಕೆ ಏನನ್ನೂ ಬಿಟ್ಟುಕೊಡದ ಲೋಹ. ಈ ಮಣ್ಣು, ನವಸಾಗರ ಅದನ್ನು ಅಲುಗಿಸಲಾರವು. ನೀರು ಸುರಿದು ಮಣ್ಣು ತೊಳೆದಾಗ ಕಪ್ಪಿನ ನಡುವೆ ಬೆಳ್ಳಿಯ ಬಳ್ಳಿ ಒಮ್ಮೆಲೇ ಎದ್ದು ಬರುವುದನ್ನು ನಾನು ನೂರು ಸಲ ನೋಡಿರಬೇಕು, ಇನ್ನೂ ಸಾಕೆನಿಸಿಲ್ಲ. ಈ ಕಲೆಗಾಗಿಯೇ ನಮ್ಮೂರಿನ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ಹುಣಸೆಯ ಹುಳಿ ಆ ತೆಳು ಪೊರೆಯನ್ನೂ ಅದರ ಕೆಳಗಿನ ಸತುವನ್ನೂ ತಿನ್ನುತ್ತದೆ. ನಿಂಬೆ, ವಿನೆಗರ್, ಬೆಳ್ಳಿ ಪಾಲಿಷ್ ಎಲ್ಲವೂ ಬೇಡ. ಒಣ ಮೆತ್ತನೆ ಬಟ್ಟೆ, ಎರಡು ಹನಿ ಕೊಬ್ಬರಿ ಎಣ್ಣೆ, ಅಷ್ಟೇ. ಬೆಳ್ಳಿ ಮಂಕಾಗಿದ್ದರೆ ಎಣ್ಣೆ ಬಟ್ಟೆಯಲ್ಲೇ ತುಸು ಹೆಚ್ಚು ಹೊತ್ತು ಒರೆಸಿ. ನಿಮ್ಮ ತಾಟಿಗೆ ಮತ್ತೆ ಮಣ್ಣಿನ ಕಪ್ಪು ಕೊಡಿಸಬಹುದು. ಅವ್ವನ ಡಬ್ಬಿಗೂ ಹಾಗೆಯೇ ಮಾಡಿಸಿದೆ. ಕೆತ್ತನೆ ಆಳವಾಗಿದ್ದ ಕಡೆ ಮೊದಲಿನಂತೆಯೇ ಆಯಿತು.

ಅಜ್ಜಿಯ ಹಿತ್ತಾಳಿ ಬೋಗಾಣಿ ಅದಾವು. ಕಲಾಯಿ ಇಲ್ಲದ ಸಾರು ಮಾಡಬ್ಯಾಡ ಅಂತಾರ, ಖರೇನಾ? ಕಲಾಯಿ ಹಾಕೋರು ಬಿಳಿ ಪುಡಿ ಒಗದು ಹೊಗಿ ಎಬ್ಬಸ್ತಾರಲ್ಲ, ಅದು ಏನು?
— ಓದುಗರು, ಚಿಂಚೋಳಿ

ಖರೆ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು. ಹುಳಿ ಸಾರು, ಮಜ್ಜಿಗೆ ಅದರಲ್ಲಿ ನಿಂತರೆ ಎರಡೂ ಕರಗಿ ಆಹಾರಕ್ಕೆ ಇಳಿಯುತ್ತವೆ. ಹಸಿರು ಕಿಲುಬು ಕಂಡರಂತೂ ಕೇಳುವುದೇ ಬೇಡ, ಅಂಥ ಅಡುಗೆ ಹೊಟ್ಟೆ ತೊಳಸಿ ವಾಂತಿ ಮಾಡಿಸುತ್ತದೆ. ಕಲಾಯಿ ಎಂದರೆ ಒಳಮೈಗೆ ಕೊಡುವ ತವರದ ಲೇಪ. ಅದು ಹುಳಿಗೆ ಅಷ್ಟು ಬೇಗ ಮಣಿಯುವುದಿಲ್ಲ, ತುಸು ಕರಗಿದರೂ ತಾಮ್ರದಷ್ಟು ಕೆಡುಕಲ್ಲ.

ಬಿಳಿ ಪುಡಿ ಬಿದ್ರಿಯವರ ಅದೇ ನವಸಾಗರ. ಕಾದ ಪಾತ್ರೆಗೆ ಬಿದ್ದಾಗ ಒಡೆದು ಅಮೋನಿಯಾ ಮತ್ತು ಹೈಡ್ರೋಜನ್ ಕ್ಲೋರೈಡ್ ಅನಿಲಗಳಾಗುತ್ತದೆ. ಮೂಗಿಗೆ ಚುಚ್ಚುವ ವಾಸನೆ ಅಮೋನಿಯಾದ್ದು. ಇನ್ನೊಂದು ಅನಿಲ ಹಿತ್ತಾಳೆಯ ಮೇಲಿನ ಆಕ್ಸೈಡ್ ಕೊಳೆಯನ್ನು ತಿಂದುಹಾಕುತ್ತದೆ. ಶುದ್ಧವಾದ ಮೈಗೆ ಮಾತ್ರ ತವರ ಅಂಟುತ್ತದೆ, ಕೊಳೆಯ ಮೇಲೆ ಕೆಸುವಿನ ಎಲೆಯ ಮೇಲಿನ ನೀರಿನಂತೆ ಗುಂಡಾಗಿ ಉರುಳುತ್ತದೆ. ತವರ 232 ಡಿಗ್ರಿಗೇ ಕರಗುವುದರಿಂದ ಇದ್ದಿಲ ಒಲೆ, ತಿದಿ, ಒಂದು ಹಿಡಿ ಹತ್ತಿ ಇದ್ದರೆ ಸಾಕು, ಕಣ್ಣು ಮಿಟುಕಿಸುವುದರೊಳಗೆ ಪಾತ್ರೆಯ ಒಳಗೆಲ್ಲ ಬೆಳದಿಂಗಳು ಹರಡಿದ ಹಾಗಾಗುತ್ತದೆ.

ಒಂದೇ ಎಚ್ಚರ. ತವರಕ್ಕೆ ಸೀಸ ಬೆರೆತಿದ್ದರೆ ವಿಷ. ಕಲಾಯಿಯವರ ಕೈಯ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಬಗ್ಗಿಸಿ. ಒಳ್ಳೆಯ ತವರ ಒಳಗಿನ ಹರಳುಗಳು ಜರುಗಿ ‘ಕಿರ್ರ್’ ಎನ್ನುತ್ತದೆ. ಸೀಸ ಮೂಕ, ಮೇಲಾಗಿ ಕಾಗದದ ಮೇಲೆ ಗೀಚಿದರೆ ಪೆನ್ಸಿಲಿನಂತೆ ಬೂದು ಗೆರೆ ಎಳೆಯುತ್ತದೆ. ಸದ್ದು ಬಂತೆಂದ ಮಾತ್ರಕ್ಕೆ ಸೀಸ ಚೂರೂ ಇಲ್ಲ ಎಂದಲ್ಲ, ಸದ್ದೇ ಇಲ್ಲದ ಕಡ್ಡಿಯನ್ನಂತೂ ಪಾತ್ರೆಗೆ ಸೋಕಿಸಬೇಡಿ.

ಅಲ್ಯೂಮಿನಿಯಂ ಪಾತ್ರೆಯಲ್ಲಿ ಬೋರ್‌ವೆಲ್ ನೀರು ಕಾಯಿಸಿದರೆ ಒಳಗೆ ಕಪ್ಪಾಗುತ್ತದೆ. ಸೋಡಾ ಹಾಕಿ ತೊಳೆಯಬಹುದೇ?
— ಸೇಡಂ

ಬೇಡ. ನಿಮ್ಮದು ಸುಣ್ಣದಕಲ್ಲಿನ ನೆಲ, ನೀರು ಗಡಸು, ತುಸು ಕ್ಷಾರ. ಕಪ್ಪಿಗೆ ಅದೇ ಕಾರಣ. ಬಟ್ಟೆ ಸೋಡಾ, ಸುಣ್ಣ ಎರಡೂ ಕ್ಷಾರಗಳೇ, ಅವು ಅಲ್ಯೂಮಿನಿಯಮ್ಮನ್ನು ತಿನ್ನುತ್ತವೆ. ಎಲೆಗೆ ಹಚ್ಚುವ ಸುಣ್ಣವನ್ನು ಅಲ್ಯೂಮಿನಿಯಂ ಡಬ್ಬಿಯಲ್ಲಿಟ್ಟು ತೂತು ಮಾಡಿಕೊಂಡವರಿದ್ದಾರೆ. ನಿಂಬೆಹೋಳು ಹಾಕಿ ಹತ್ತು ನಿಮಿಷ ನೀರು ಕುದಿಸಿ ಚೆಲ್ಲಿ, ಕಪ್ಪು ಹೋಗುತ್ತದೆ. ಬಿದ್ರಿಗೆ ಬೇಡ ಎಂದ ನಿಂಬೆ ಇಲ್ಲಿ ಸರಿ.

ಹೊಲದಾಗ ಕಂಬದಿಂದ ಬಂದ ಅಲ್ಯೂಮಿನಿಯಂ ವೈರಿಗೆ ಮೋಟರಿನ ತಾಮ್ರದ ಕೇಬಲ್ ಸುತ್ತೀವಿ. ಮಳೆಗಾಲ ಬಂತಂದ್ರ ಅದೇ ಜಾಗ ಸುಡತದ. ಟೇಪ್ ಸುತ್ತಿದ್ರೂ ಅಷ್ಟೇ. ಯಾಕ?
— ರೈತರು, ಸುರಪುರ

ಎರಡು ಲೋಹಗಳ ನಡುವೆ ಮಳೆನೀರು ಹೊಕ್ಕರೆ ಅದೊಂದು ಸಣ್ಣ ಬ್ಯಾಟರಿಯಾಗುತ್ತದೆ. ಅಲ್ಯೂಮಿನಿಯಂ ಎಲೆಕ್ಟ್ರಾನ್ ಕೊಡುವ ಲೋಹ, ತಾಮ್ರ ಕೊಳ್ಳುವ ಲೋಹ. ಕೊಡುವುದು ಸವೆಯುತ್ತದೆ. ಇದರ ಜೊತೆಗೆ ಅಲ್ಯೂಮಿನಿಯಮ್ಮಿನ ಮೇಲಿನ ಆಕ್ಸೈಡ್ ಪೊರೆ ಕರೆಂಟನ್ನು ಬಿಡುವುದಿಲ್ಲ. ಮೂರನೆಯದು ಬಿಸಿ. ಒಂದೇ ಬಿಸಿಗೆ ಅಲ್ಯೂಮಿನಿಯಂ ತಾಮ್ರಕ್ಕಿಂತ ಹೆಚ್ಚು ಹಿಗ್ಗುತ್ತದೆ: ಒಂದು ಮೀಟರ್ ಉದ್ದಕ್ಕೆ, ಒಂದು ಡಿಗ್ರಿಗೆ, ತಾಮ್ರ ಸುಮಾರು 17 ಮೈಕ್ರೋಮೀಟರ್ ಆದರೆ ಅಲ್ಯೂಮಿನಿಯಂ 23. ದಿನಾ ಹಿಗ್ಗಿ ಕುಗ್ಗಿ ಸುತ್ತು ಸಡಿಲಾಗುತ್ತದೆ, ಸಡಿಲಾದಲ್ಲಿ ಕಿಡಿ. ಟೇಪ್ ಒಳಗೆ ನೀರು ನಿಲ್ಲಿಸಿ ಇನ್ನಷ್ಟು ಕೆಡಿಸುತ್ತದೆ.

ಬೈಮೆಟಲ್ ಲಗ್ ಅಂತ ಸಿಗುತ್ತದೆ. ಒಂದು ತುದಿ ಅಲ್ಯೂಮಿನಿಯಂ, ಇನ್ನೊಂದು ತಾಮ್ರ, ಕಾರ್ಖಾನೆಯಲ್ಲೇ ಬೆಸೆದದ್ದು. ಅದನ್ನು ಹಾಕಿಸಿ. ತಾಮ್ರದ ಮೇಲಿಂದ ಹರಿದ ನೀರು ಅಲ್ಯೂಮಿನಿಯಮ್ಮಿಗೆ ಹನಿಯದಂತೆ ತಾಮ್ರ ಕೆಳಗಿರಲಿ. ಈ ಕೆಲಸ ಲೈನ್‌ಮನ್ನರೇ ಮಾಡಬೇಕು, ನೀವು ಕಂಬದ ಹತ್ತಿರ ಹೋಗಬೇಡಿ. ಒದ್ದೆ ಹೊಲದಲ್ಲಿ ಬರಿಗಾಲಲ್ಲಿ ವೈರು ಹಿಡಿದು ಹೋದವರ ಸುದ್ದಿ ಪ್ರತಿ ಮಳೆಗಾಲ ಕೇಳಿ ನನಗೆ ಸಂಕಟವಾಗುತ್ತದೆ.

ಮೇಡಂ, ನಾನು ಹತ್ತನೇ ಕ್ಲಾಸ್. ಕ್ರಿಯಾಶೀಲತೆಯ ಪಟ್ಟಿಯಲ್ಲಿ ಅಲ್ಯೂಮಿನಿಯಂ ಸತುವಿಗಿಂತ, ಕಬ್ಬಿಣಕ್ಕಿಂತ ಮೇಲಿದೆ. ಆದರೆ ಕಬ್ಬಿಣ ತುಕ್ಕು ಹಿಡಿದು ಉದುರುತ್ತದೆ, ಅಲ್ಯೂಮಿನಿಯಂ ಪಾತ್ರೆ ವರ್ಷಗಟ್ಟಲೆ ಇರುತ್ತದೆ. ಪಟ್ಟಿ ತಪ್ಪಾ?
— ವಿದ್ಯಾರ್ಥಿನಿ, ಶಹಾಪುರ

ಎಂಥ ಪ್ರಶ್ನೆ ಕೇಳಿದೆ ಮಗಳೇ! ಯಾವ ಲೋಹ ಬೇರೆ ವಸ್ತುಗಳ ಜೊತೆ ಎಷ್ಟು ಸುಲಭವಾಗಿ ಕೂಡುತ್ತದೆ ಎಂದು ಹೇಳುವ ಆ ಪಟ್ಟಿ ತಪ್ಪಲ್ಲ. ಅಲ್ಯೂಮಿನಿಯಂ ಗಾಳಿಗೆ ತೆರೆದ ಕ್ಷಣವೇ ಆಕ್ಸಿಜನ್ ಜೊತೆ ಕೂಡುತ್ತದೆ. ಆಗ ಹುಟ್ಟುವ ಪೊರೆ ಕಣ್ಣಿಗೆ ಕಾಣದಷ್ಟು ತೆಳು, ಆದರೆ ಬಿರುಕಿಲ್ಲದ ಹೊದಿಕೆ. ಒಳಗಿನ ಲೋಹಕ್ಕೆ ಮುಂದೆ ಗಾಳಿಯೇ ಸಿಗುವುದಿಲ್ಲ. ತುಕ್ಕು ಹಾಗಲ್ಲ, ಹಕ್ಕಳೆಯಾಗಿ ಉದುರುತ್ತದೆ, ಕೆಳಗಿನ ಕಬ್ಬಿಣ ಮತ್ತೆ ಬಯಲಾಗುತ್ತದೆ.

ನಂಬಬೇಡ, ನೋಡು. ಮೈಲುತುತ್ತದ ತಿಳಿ ನೀಲಿ ನೀರನ್ನು ಮೂರು ಗಾಜಿನ ಲೋಟಕ್ಕೆ ಹಾಕು. ಒಂದಕ್ಕೆ ಉಜ್ಜಿದ ಕಬ್ಬಿಣದ ಮೊಳೆ. ಸ್ವಲ್ಪ ಹೊತ್ತಿಗೆ ಮೊಳೆ ಕೆಂಪಾಗುತ್ತದೆ, ಅದು ತಾಮ್ರ. ಎರಡನೆಯದಕ್ಕೆ ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಹಾಳೆಯ ಚೂರು, ಏನೂ ಆಗುವುದಿಲ್ಲ. ಮೂರನೆಯದಕ್ಕೂ ಅದೇ ಚೂರು, ಜೊತೆಗೆ ಅರ್ಧ ಚಮಚ ಅಡುಗೆ ಉಪ್ಪು. ಉಪ್ಪಿನ ಕ್ಲೋರೈಡ್ ಆ ಹೊದಿಕೆಯನ್ನು ಹರಿಯುತ್ತದೆ. ಗುಳ್ಳೆ ಏಳುತ್ತವೆ, ಲೋಟ ಬೆಚ್ಚಗಾಗುತ್ತದೆ, ಹಾಳೆ ಚಿಂದಿಯಾಗಿ ಕಂದು ತಾಮ್ರ ತಳಕ್ಕೆ ಕೂರುತ್ತದೆ. ಅಲ್ಯೂಮಿನಿಯಂ ಪಟ್ಟಿಯಲ್ಲಿ ಅಷ್ಟು ಮೇಲೆ ಯಾಕಿದೆ ಎಂದು ಆಗ ತಿಳಿಯುತ್ತದೆ.

ನಿಮ್ಮ ಮನೆಯಲ್ಲಿ ಬೆಳೆಗೆ ಬೋರ್ಡೋ ದ್ರಾವಣ ಹೊಡೆಯುತ್ತಿದ್ದರೆ ಅಪ್ಪನನ್ನು ಕೇಳು. ಮೈಲುತುತ್ತ, ಸುಣ್ಣ ಬೆರೆಸಿದ ಮೇಲೆ ಅದರಲ್ಲಿ ಕುಡುಗೋಲಿನ ತುದಿ ಅದ್ದಿ ನೋಡುತ್ತಾರೆ. ತುದಿ ಕೆಂಪಾದರೆ ಇನ್ನೂ ಸುಣ್ಣ ಬೇಕು ಎಂದು ಅರ್ಥ. ನಿನ್ನ ಮೊಳೆಯ ಪ್ರಯೋಗವೇ ಅದು.

ಪ್ರಯೋಗವನ್ನು ದೊಡ್ಡವರು ಹತ್ತಿರವಿದ್ದಾಗ, ಕಿಟಕಿ ತೆರೆದು ಮಾಡು. ಆ ಲೋಟಗಳನ್ನು ಮತ್ತೆ ಕುಡಿಯಲು ಬಳಸಬೇಡ. ಮೈಲುತುತ್ತ ವಿಷ, ದನಕರು ಬಾಯಿ ಹಾಕುವ ಕಡೆ ಚೆಲ್ಲಬೇಡ. ಮೂರೂ ಲೋಟದಲ್ಲಿ ಏನಾಯಿತೆಂದು ನನಗೆ ಬರೆ.