ಕಾಲುವೆಯ ಕೊನೆಯ ಗದ್ದೆಗೆ ನೀರು ಬರುತ್ತದೆಯೇ?

ಹೋದ ಸಂಚಿಕೆಯಲ್ಲಿ ಇಂಗ್ಲೆಂಡಿನ ಸಣ್ಣ ಫುಟ್‌ಬಾಲ್ ಕ್ಲಬ್‌ಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳು ಕಂಡು ನನಗೇ ಆಶ್ಚರ್ಯ. ನಾನು ಆಟಗಾರನಲ್ಲ, ಲೆಕ್ಕ ಬರೆಯುವವನು. 2004ರಿಂದ ಹನ್ನೆರಡು ವರ್ಷ ಎಕ್ಸೆಟರ್ ಎಂಬ ಊರಿನಲ್ಲಿ ಕೆಲಸಕ್ಕಿದ್ದೆ. ಶನಿವಾರ ಮಧ್ಯಾಹ್ನ ಬೇರೆ ಕೆಲಸವಿಲ್ಲದೆ ಸೇಂಟ್ ಜೇಮ್ಸ್ ಪಾರ್ಕ್ ಮೈದಾನಕ್ಕೆ ಹೋಗಿ ನಿಂತವನು, ಆಮೇಲೆ ಅಲ್ಲಿಯವನೇ ಆಗಿಬಿಟ್ಟೆ. ಆಟದ ಲೆಕ್ಕಕ್ಕಿಂತ ದುಡ್ಡಿನ ಲೆಕ್ಕವೇ ನನಗೆ ಚೆನ್ನಾಗಿ ಗೊತ್ತು. ಹಾಗಾಗಿ ಉತ್ತರವೂ ಆ ಕಡೆಯೇ ವಾಲುತ್ತದೆ.

ಪ್ರಶ್ನೆ: ಸಾರ್, ನನ್ನ ಮಗ ರಾತ್ರಿಯೆಲ್ಲಾ ಪ್ರೀಮಿಯರ್ ಲೀಗ್ ನೋಡುತ್ತಾನೆ. ಒಬ್ಬ ಆಟಗಾರನಿಗೆ ಸಾವಿರ ಕೋಟಿ ಕೊಟ್ಟರು ಅನ್ನುತ್ತಾನೆ. ನೀವು ನೋಡಿದರೆ ಅದೇ ದೇಶದಲ್ಲಿ ದುಡ್ಡಿಲ್ಲದೆ ಕ್ಲಬ್ ಮುಳುಗಿತು ಅಂತ ಬರೆದಿದ್ದೀರಿ. ಮೇಲಿನವರು ಕೆಳಗಿನವರಿಗೆ ಏನೂ ಕೊಡುವುದಿಲ್ಲವೇ? (ಒಬ್ಬ ಓದುಗರು, ದಾವಣಗೆರೆ)

ಉತ್ತರ: ಕೊಡುತ್ತಾರೆ. ನೀವು ದಾವಣಗೆರೆಯವರು, ಭದ್ರಾ ಕಾಲುವೆ ಗೊತ್ತಿರುವವರು. ನಾಲೆಗೆ ನೀರು ಬಿಟ್ಟಿದ್ದಾರೆ ಎಂದು ಪೇಪರಿನಲ್ಲಿ ಬರುತ್ತದೆ. ಆದರೆ ಅಚ್ಚುಕಟ್ಟಿನ ಕೊನೆ ಭಾಗದ ರೈತ ಗದ್ದೆಯ ಬದುವಿನ ಮೇಲೆ ಕೂತು ದಾರಿ ಕಾಯುತ್ತಲೇ ಇರುತ್ತಾನೆ, ಅಲ್ವಾ? ಅಲ್ಲಿಯ ಕಥೆಯೂ ಅದೇ.

ಇಂಗ್ಲೆಂಡಿನಲ್ಲಿ ಮೊದಲು ನಾಲ್ಕು ವಿಭಾಗದ ಕ್ಲಬ್‌ಗಳೂ ಒಂದೇ ಮನೆ, ಫುಟ್‌ಬಾಲ್ ಲೀಗ್. 1983ರವರೆಗೆ ಆತಿಥೇಯ ತಂಡ ತನ್ನ ಟಿಕೆಟ್ ಹಣದಲ್ಲಿ ಒಂದು ಪಾಲನ್ನು ಆಡಲು ಬಂದ ತಂಡಕ್ಕೂ ಕೊಡಬೇಕಿತ್ತು. ದೊಡ್ಡ ಕ್ಲಬ್‌ಗಳು ಪಟ್ಟು ಹಿಡಿದು ಅದನ್ನು ತೆಗೆಸಿದವು. 1986ರ ಹೊತ್ತಿಗೆ ಟಿವಿ ಹಣದಲ್ಲಿ ಅರ್ಧ ಮೇಲಿನ ವಿಭಾಗಕ್ಕೆ, ಉಳಿದರ್ಧ ಕೆಳಗಿನ ಮೂರಕ್ಕೆ ಎಂದಾಯಿತು. ಅದೂ ಜಾಸ್ತಿಯಾಯಿತು ಅನಿಸಿತು ದೊಡ್ಡವರಿಗೆ. 1992ರಲ್ಲಿ ಮೇಲಿನ 22 ಕ್ಲಬ್‌ಗಳು ಪಾಲು ತೆಗೆದುಕೊಂಡು ಬೇರೆ ಒಲೆ ಹೂಡಿದವು. ಅದೇ ಪ್ರೀಮಿಯರ್ ಲೀಗ್. ಅಣ್ಣನಿಗೆ ನೀರಾವರಿ, ತಮ್ಮಂದಿರಿಗೆ ಖುಷ್ಕಿ ಜಮೀನು.

ಈಗ ಲೆಕ್ಕ ನೋಡಿ. ಪ್ರೀಮಿಯರ್ ಲೀಗ್‌ನಲ್ಲಿ ಕಟ್ಟಕಡೆಯ ಸ್ಥಾನಕ್ಕೆ ಬಿದ್ದ ಕ್ಲಬ್‌ಗೂ ಒಂದು ಋತುವಿಗೆ ಲೀಗ್‌ನಿಂದ 100 ಮಿಲಿಯನ್ ಪೌಂಡ್‌ಗಿಂತ ಜಾಸ್ತಿ ಸಿಗುತ್ತದೆ. ನಮ್ಮ ದುಡ್ಡಿನಲ್ಲಿ ಸಾವಿರ ಕೋಟಿ ದಾಟುತ್ತದೆ. ಅದರ ಕೆಳಗೆ ಮೂರು ವಿಭಾಗಗಳಲ್ಲಿ 72 ಕ್ಲಬ್‌ಗಳಿವೆ. ಇವಕ್ಕೆ ಪ್ರೀಮಿಯರ್ ಲೀಗ್ ವರ್ಷವರ್ಷ 'ಸಾಲಿಡಾರಿಟಿ' ಎಂಬ ಹೆಸರಿನಲ್ಲಿ ಹಣ ಕಳಿಸುತ್ತದೆ. ಎರಡನೇ ವಿಭಾಗದ ಕ್ಲಬ್‌ಗೆ ಸುಮಾರು 5 ಮಿಲಿಯನ್ ಪೌಂಡ್. ಮೂರನೇ ವಿಭಾಗದ ಕ್ಲಬ್‌ಗೆ ಒಂದು ಮಿಲಿಯನ್ನೂ ಇಲ್ಲ. ನಾಲ್ಕನೆಯದಕ್ಕೆ ಅರ್ಧ ಮಿಲಿಯನ್ ಆಸುಪಾಸು. ಅರ್ಧ ಮಿಲಿಯನ್ ಪೌಂಡ್ ಎಂದರೆ ಐದಾರು ಕೋಟಿ ರೂಪಾಯಿ. ನಮಗೆ ದೊಡ್ಡದು. ಆದರೆ ಮೇಲಿನ ಒಬ್ಬ ಸ್ಟಾರ್ ಆಟಗಾರನ ಕೆಲವೇ ವಾರಗಳ ಸಂಬಳ ಅದು.

ಇನ್ನು ಹೋದ ಸಲ ನಾನು ಬರೆದಿದ್ದ, 'ಬರಿ' (Bury) ಎಂಬ ಊರಿನ ಕ್ಲಬ್. ಮ್ಯಾಂಚೆಸ್ಟರ್ ನಗರದಿಂದ ಟ್ರಾಮ್ ಹತ್ತಿದರೆ ಅರ್ಧ ಗಂಟೆಯಲ್ಲಿ ಬರಿ ಬರುತ್ತದೆ. 1885ರಲ್ಲಿ ಹುಟ್ಟಿದ ಕ್ಲಬ್. 1900 ಮತ್ತು 1903ರಲ್ಲಿ, ಸಣ್ಣ ದೊಡ್ಡ ಕ್ಲಬ್‌ಗಳೆಲ್ಲ ಒಟ್ಟಿಗೆ ಆಡುವ ಟೂರ್ನಿಯಾದ ಎಫ್‌ಎ ಕಪ್ ಗೆದ್ದಿತ್ತು. 2019ರ ಆಗಸ್ಟ್ 27ರಂದು ಅದನ್ನು ಲೀಗ್‌ನಿಂದ ಹೊರಹಾಕಿದರು. ಮೈದಾನದ ಗೋಡೆಯ ಕೊಳವೆಗೆ ಹಳೆಯ ನಿರ್ದೇಶಕಿಯೊಬ್ಬರು ತಮ್ಮ ಕೈಗೆ ಬೇಡಿ ಬಿಗಿದುಕೊಂಡು ಪ್ರತಿಭಟಿಸಿದರು. ಅದೇ ಬೇಸಿಗೆಯಲ್ಲಿ ಪ್ರೀಮಿಯರ್ ಲೀಗ್ ಕ್ಲಬ್‌ಗಳು ಆಟಗಾರರನ್ನು ಕೊಳ್ಳಲು ಸುರಿದದ್ದು 1.4 ಬಿಲಿಯನ್ ಪೌಂಡ್.

ಆದರೆ ಒಂದು ಮಾತು ನೇರವಾಗಿ ಹೇಳುತ್ತೇನೆ. ಬರಿ ಮುಳುಗಿದ್ದು ಮೇಲಿನಿಂದ ಹಣ ಬರಲಿಲ್ಲ ಎಂದು ಮಾತ್ರ ಅಲ್ಲ. ಕೈಯಲ್ಲಿ ಇಲ್ಲದ ದುಡ್ಡನ್ನು ಆಟಗಾರರ ಸಂಬಳಕ್ಕೆ ಸುರಿದರು. 2018ರ ಡಿಸೆಂಬರ್‌ನಲ್ಲಿ ಕ್ಲಬ್ ಕೈ ಬದಲಾಯಿಸಿತು. ಬೆಲೆ ಎಷ್ಟು ಗೊತ್ತೇ? ಒಂದು ಪೌಂಡ್! ಕೊಳ್ಳುವವನ ಜೇಬಿನಲ್ಲಿ ಎಷ್ಟಿದೆ ಎಂದು ಸರಿಯಾಗಿ ನೋಡಿದವರೇ ಇಲ್ಲ. ತೂತು ಬಿದ್ದ ಕೊಡಕ್ಕೆ ಎಷ್ಟು ನೀರು ಹೊಯ್ದರೂ ಅಷ್ಟೇ.

ಪ್ರಶ್ನೆ: ಪ್ರೀಮಿಯರ್ ಲೀಗ್‌ನಿಂದ ಕೆಳಗೆ ಬಿದ್ದವರಿಗೆ 'ಪ್ಯಾರಾಚೂಟ್' ಹಣ ಕೊಡುತ್ತಾರಂತೆ. ಇದಕ್ಕಿಂತ ಒಳ್ಳೆಯ ಸಹಾಯ ಇನ್ನೇನು ಬೇಕು? (ಒಬ್ಬ ಕಾಲೇಜು ಉಪನ್ಯಾಸಕರು, ಮಂಗಳೂರು)

ಉತ್ತರ: ಮೇಡಂ, ಋತುವಿನ ಕೊನೆಗೆ ಪಟ್ಟಿಯ ತಳದಲ್ಲಿದ್ದು ಕೆಳಗಿನ ವಿಭಾಗಕ್ಕೆ ಬಿದ್ದವರಿಗೆ ಒಳ್ಳೆಯದು. ಪಕ್ಕದವರಿಗೆ ಅಲ್ಲ. ಕೆಳಗಿಳಿದ ಕ್ಲಬ್‌ಗೆ ಮೊದಲ ವರ್ಷ, ಪ್ರೀಮಿಯರ್ ಲೀಗ್‌ನಲ್ಲಿ ಪ್ರತಿ ಕ್ಲಬ್‌ಗೂ ಸಮನಾಗಿ ಹಂಚುವ ಟಿವಿ ಹಣದ 55 ಶೇಕಡಾ ಸಿಗುತ್ತದೆ. ಎರಡನೇ ವರ್ಷ 45. ಒಂದೇ ವರ್ಷ ಮೇಲಿದ್ದು ಬಿದ್ದವರಲ್ಲದಿದ್ದರೆ ಮೂರನೇ ವರ್ಷವೂ 20. ಮೊದಲ ವರ್ಷದ್ದೇ 40 ಮಿಲಿಯನ್ ದಾಟುತ್ತದೆ. ಅದೇ ವಿಭಾಗದಲ್ಲಿ ಆಡುವ ಬೇರೆ ಕ್ಲಬ್‌ಗೆ 5 ಮಿಲಿಯನ್.

ಒಂದೇ ತರಗತಿಯಲ್ಲಿ ಒಬ್ಬ ಹುಡುಗನಿಗೆ ಮಾತ್ರ ಮನೆಪಾಠ, ಕಾರು, ಬಾದಾಮಿ ಹಾಲು. ಉಳಿದವರು ಅವನ ಜೊತೆ ರ‍್ಯಾಂಕಿಗೆ ಪೈಪೋಟಿ ಮಾಡಬೇಕು! ಮಾಡುತ್ತಾರೆ ಕೂಡ, ಸಾಲ ಮಾಡಿ. ಎರಡನೇ ವಿಭಾಗದಲ್ಲಿ ಕ್ಲಬ್‌ಗಳ ಒಟ್ಟು ಸಂಬಳದ ಬಿಲ್ಲು ಒಟ್ಟು ಆದಾಯವನ್ನೇ ಮೀರಿದ ವರ್ಷಗಳು ಎಷ್ಟೋ ಇವೆ. ನೂರು ರೂಪಾಯಿ ಸಂಪಾದಿಸಿ ನೂರಕ್ಕಿಂತ ಜಾಸ್ತಿ ಸಂಬಳ ಕೊಡುವ ಅಂಗಡಿಯನ್ನು ನನ್ನ ಮೂವತ್ತು ವರ್ಷದ ಲೆಕ್ಕದ ಬದುಕಿನಲ್ಲಿ ಬೇರೆಲ್ಲೂ ಕಂಡಿಲ್ಲ. ಡರ್ಬಿ ಕೌಂಟಿಯಂಥ ಹಳೆಯ ಕ್ಲಬ್ ಹೀಗೆ ಮೇಲೇರುವ ಆಸೆಗೆ ಬಿದ್ದು 2021ರಲ್ಲಿ ದಿವಾಳಿಯ ಅಂಚಿಗೆ ಬಂತು. ಶಿಕ್ಷೆಯಾಗಿ 21 ಅಂಕ ಕತ್ತರಿಸಿದರು, ಮೂರನೇ ವಿಭಾಗಕ್ಕೆ ಬಿತ್ತು.

ಪ್ಯಾರಾಚೂಟನ್ನು ಪೂರ್ತಿ ಕಿತ್ತುಹಾಕಿ ಅಂತ ನಾನು ಹೇಳುವುದಿಲ್ಲ. ಐದು ವರ್ಷದ ಒಪ್ಪಂದ ಮಾಡಿಕೊಂಡ ಆಟಗಾರನಿಗೆ, ಕರಾರಿನಲ್ಲೇ ಬರೆದಿರದಿದ್ದರೆ, ತಂಡ ಬಿದ್ದ ಮರುದಿನ ಅರ್ಧ ಸಂಬಳ ತಗೋ ಅನ್ನಲು ಆಗುವುದಿಲ್ಲ. ಆದರೆ ಒಂದು ವರ್ಷ ಸಾಕು. ಮೂರು ವರ್ಷ ಗಾಳಿಯಲ್ಲಿ ತೇಲುವ ಪ್ಯಾರಾಚೂಟ್ ಎಲ್ಲಾದರೂ ಉಂಟೇ?

ಪ್ರಶ್ನೆ: ನಿಮ್ಮ ಎಕ್ಸೆಟರ್‌ಗೆ ದೊಡ್ಡವರಿಂದ ಏನಾದರೂ ಸಿಕ್ಕಿತೋ, ಅಥವಾ ಸುಮ್ನೆ ಬೈಯುತ್ತಿದ್ದೀರೋ? (ಒಬ್ಬ ಓದುಗರು, ಹುಬ್ಬಳ್ಳಿ)

ಉತ್ತರ: ಹುಬ್ಬಳ್ಳಿಯವರ ಮಾತು ನನಗಿಷ್ಟ, ಸುತ್ತಿ ಬಳಸುವುದಿಲ್ಲ. ಸಿಕ್ಕಿತು. ಎರಡು ಸಲ ಚೆನ್ನಾಗಿಯೇ ಸಿಕ್ಕಿತು. ಎರಡೂ ಸಲ ಯಾರೂ ದಾನ ಮಾಡಿದ್ದಲ್ಲ.

ನಾನು ಆ ಊರಿಗೆ ಹೋಗುವ ಹಿಂದಿನ ವರ್ಷ, 2003ರಲ್ಲಿ, ಎಕ್ಸೆಟರ್ ಸಿಟಿ ಆ ನಾಲ್ಕೂ ವಿಭಾಗಗಳ ಹೊರಗೆ, ಐದನೇ ವಿಭಾಗಕ್ಕೆ ಬಿದ್ದಿತ್ತು. ತಲೆಯ ಮೇಲೆ ಸಾಲ. ಅಭಿಮಾನಿಗಳು ಕಟ್ಟಿದ ಟ್ರಸ್ಟ್ ಕ್ಲಬ್ಬನ್ನು ಕೈಗೆ ತೆಗೆದುಕೊಂಡಿತು. ಮೈದಾನಕ್ಕೆ ಬಣ್ಣ ಬಳಿದವರೂ ಅವರೇ, ಡಬ್ಬಿ ಹಿಡಿದು ಚಿಲ್ಲರೆ ಎತ್ತಿದವರೂ ಅವರೇ. ನಾನೂ ಡಬ್ಬಿಗೆ ಹಾಕಿದ್ದೇನೆ. ಭಾರತೀಯ ಮುಖ ನೋಡಿ "ಕ್ರಿಕೆಟ್ ಅಲ್ಲವೇ ನಿಮ್ಮದು?" ಅಂತ ಒಬ್ಬ ಅಜ್ಜ ಕೇಳಿದ್ದು ಇನ್ನೂ ನೆನಪಿದೆ.

2005ರ ಜನವರಿಯ ಪಂದ್ಯಕ್ಕೆ ಎಫ್‌ಎ ಕಪ್ಪಿನ ಚೀಟಿ ಎತ್ತಿದಾಗ ನಮಗೆ ಬಂದ ಎದುರಾಳಿ ಮ್ಯಾಂಚೆಸ್ಟರ್ ಯುನೈಟೆಡ್, ಅದೂ ಅವರ ಮೈದಾನದಲ್ಲಿ. 67 ಸಾವಿರ ಜನ. ಪಂದ್ಯ 0-0! ಎಫ್‌ಎ ಕಪ್ಪಿನಲ್ಲಿ ಟಿಕೆಟ್ ಹಣ ಖರ್ಚು ಕಳೆದು ಎರಡೂ ತಂಡಗಳಿಗೆ ಸಮಪಾಲು. ಅಷ್ಟೇ ಅಲ್ಲ, ಸಮ ಆದರೆ ಆಗ ಆಡಲು ಬಂದ ತಂಡದ ಊರಿನಲ್ಲಿ ಮರುಪಂದ್ಯ ಇರುತ್ತಿತ್ತು. ಹತ್ತು ದಿನದ ಮೇಲೆ ರೊನಾಲ್ಡೊ, ರೂನಿ ನಮ್ಮ ಸಣ್ಣ ಮೈದಾನಕ್ಕೆ ಬಂದರು. ಒಬ್ಬೊಬ್ಬರು ಒಂದೊಂದು ಗೋಲು ಹಾಕಿ ಹೋದರು. ನಮಗೆ ಸೋಲಿನ ಬೇಜಾರೇ ಇರಲಿಲ್ಲ. ಆ ಎರಡು ಪಂದ್ಯದ ದುಡ್ಡಿನಿಂದ ಕ್ಲಬ್ಬಿನ ಸಾಲ ತೀರುವ ದಾರಿಗೆ ಬಂತು. 2008ರಲ್ಲಿ ತಂಡ ಮತ್ತೆ ನಾಲ್ಕನೇ ವಿಭಾಗಕ್ಕೆ ಏರಿತು.

ಎರಡನೆಯದು ಒಲಿ ವಾಟ್ಕಿನ್ಸ್ ಕಥೆ. ಎಕ್ಸೆಟರ್‌ನ ಅಕಾಡೆಮಿಯಲ್ಲೇ ಬೆಳೆದ ಹುಡುಗ. 2016ರ ವಸಂತದಲ್ಲಿ, ನಾನು ಊರು ಬಿಡುವ ಮುಂಚೆ, ಅವನು ಆಡುವುದನ್ನು ಕಣ್ಣಾರೆ ನೋಡಿದ್ದೇನೆ. ಮರುವರ್ಷ ಬ್ರೆಂಟ್‌ಫರ್ಡ್‌ಗೆ ಮಾರಿದರು. ಮಾರುವಾಗ ಎಕ್ಸೆಟರ್‌ನವರು ಒಂದು ಜಾಣತನ ಮಾಡಿದರು. ಇವನನ್ನು ನೀವು ಮುಂದೆ ಮಾರಿದರೆ ಅದರಲ್ಲಿ ನಮಗೊಂದು ಪಾಲು ಎಂದು ಕರಾರಿನಲ್ಲೇ ಬರೆಸಿಕೊಂಡರು. 2020ರಲ್ಲಿ ಆಸ್ಟನ್ ವಿಲ್ಲಾ ಅವನನ್ನು 28 ಮಿಲಿಯನ್ ಪೌಂಡ್‌ಗೆ ಕೊಂಡಿತು. ಕೊರೊನಾದಿಂದ ಮೈದಾನಕ್ಕೆ ಬೀಗ ಬಿದ್ದ ವರ್ಷ ಅದು, ಟಿಕೆಟ್ ಮಾರಾಟ ಸೊನ್ನೆ. ಆಗ ಎಕ್ಸೆಟರ್‌ಗೆ ಬಂದ ಪಾಲು ಸುಮಾರು 4 ಮಿಲಿಯನ್. 2024ರ ಯೂರೋ ಸೆಮಿಫೈನಲ್‌ನಲ್ಲಿ ನೆದರ್ಲೆಂಡ್ಸ್ ವಿರುದ್ಧ ಕೊನೇ ಗಳಿಗೆಯಲ್ಲಿ ಗೋಲು ಹೊಡೆದು ಇಂಗ್ಲೆಂಡನ್ನು ಫೈನಲ್‌ಗೆ ಒಯ್ದವನು ಅವನೇ. ಮೈಸೂರಿನ ಮನೆಯಲ್ಲಿ ಮಧ್ಯರಾತ್ರಿ ನಾನು ಕಿರುಚಿದ್ದಕ್ಕೆ ಪಕ್ಕದ ಮನೆಯ ದೀಪ ಹತ್ತಿತು.

ಆದರೆ ಎಲ್ಲರಿಗೂ ಹೀಗೆ ಆಗುವುದಿಲ್ಲ. 2012ರಲ್ಲಿ ಬಂದ ಹೊಸ ನಿಯಮದ ಪ್ರಕಾರ ಚಿಕ್ಕ ವಯಸ್ಸಿನ ಹುಡುಗರನ್ನು ದೊಡ್ಡ ಕ್ಲಬ್ ಕರೆದುಕೊಂಡರೆ ಪರಿಹಾರಕ್ಕೆ ಪಟ್ಟಿ ಹಾಕಿದ ದರ. ಚೌಕಾಸಿಗೆ ಜಾಗ ಕಮ್ಮಿ. ನಾವು ಬೆಳೆಸುವುದು, ಅವರು ಅಗ್ಗಕ್ಕೆ ಒಯ್ಯುವುದು, ಇದೇನು ವ್ಯಾಪಾರ ಎಂದು ಬ್ರೆಂಟ್‌ಫರ್ಡ್ 2016ರಲ್ಲಿ ತನ್ನ ಅಕಾಡೆಮಿಯನ್ನೇ ಮುಚ್ಚಿತು.

ನನ್ನ ಅಭಿಪ್ರಾಯ ಈಗ ಗೊತ್ತಾಗಿರಬೇಕು. ಸಣ್ಣ ಕ್ಲಬ್ಬಿಗೆ ಬೇಕಾದದ್ದು ಭಿಕ್ಷೆಯಲ್ಲ, ಪಾಲು. ಆಟಗಾರನನ್ನು ಬೆಳೆಸಿದ್ದಕ್ಕೆ, ಪಂದ್ಯಕ್ಕೆ ಜನ ಸೇರಿಸಿದ್ದಕ್ಕೆ ಸಲ್ಲಬೇಕಾದ ಪಾಲು. ಕೊಡುವವನ ಮನಸ್ಸು ಬದಲಾದರೆ ನಿಂತುಹೋಗುವ ಹಣದ ಮೇಲೆ ಬಜೆಟ್ ಬರೆಯಲು ಆಗುವುದಿಲ್ಲ, ಇದು ಲೆಕ್ಕದವನ ಮಾತು.

ಪ್ರಶ್ನೆ: ಸರ್ಕಾರ ಮಧ್ಯೆ ಬಂದರೆ ಸರಿಹೋಗುತ್ತದೆಯೇ? (ಒಬ್ಬ ವಕೀಲರು, ಬೆಂಗಳೂರು)

ಉತ್ತರ: ಬಂದಿದೆ. 2025ರ ಜುಲೈನಲ್ಲಿ ಬ್ರಿಟನ್ನಿನ ಸಂಸತ್ತು ಫುಟ್‌ಬಾಲ್ ಆಡಳಿತ ಕಾಯ್ದೆ ಮಾಡಿತು. ಸ್ವತಂತ್ರ ನಿಯಂತ್ರಕ ಸಂಸ್ಥೆ ಬಂತು, ಡೇವಿಡ್ ಕೋಗನ್ ಅದರ ಅಧ್ಯಕ್ಷರು. ಕ್ಲಬ್ ಕೊಳ್ಳುವವನ ಜೇಬು, ಚರಿತ್ರೆ ನೋಡುವುದು ಅವರ ಕೆಲಸ. ಮೇಲಿನವರೂ ಕೆಳಗಿನವರೂ ಹಣ ಹಂಚುವುದರಲ್ಲಿ ಒಮ್ಮತಕ್ಕೆ ಬರದಿದ್ದರೆ ಕೊನೆಗೆ ತೀರ್ಪು ಕೊಡುವ ಅಧಿಕಾರವೂ ಇದೆ. ಕೆಳಗಿನ ಲೀಗ್‌ನ ಅಧ್ಯಕ್ಷ ರಿಕ್ ಪ್ಯಾರಿ ಅವರ ಬೇಡಿಕೆ ಇಷ್ಟೇ: ಎರಡೂ ಲೀಗ್‌ಗಳ ಟಿವಿ ಹಣ ಒಟ್ಟು ಸೇರಿಸಿ, ಅದರಲ್ಲಿ 25 ಶೇಕಡಾ ನಮಗೆ ಕೊಡಿ. ತಮಾಷೆ ಏನೆಂದರೆ, 1992ರಲ್ಲಿ ಪ್ರೀಮಿಯರ್ ಲೀಗ್ ಶುರುವಾದಾಗ ಅದರ ಮೊದಲ ಮುಖ್ಯ ಕಾರ್ಯನಿರ್ವಾಹಕ ಇದೇ ಪ್ಯಾರಿ! ಮನೆ ಪಾಲು ಮಾಡಿಸಿದವರೇ ಈಗ ತಮ್ಮಂದಿರ ಪರ ವಕಾಲತ್ತು. ನಿಮ್ಮ ವೃತ್ತಿಯಲ್ಲಿ ಇದು ಹೊಸದಲ್ಲ ಬಿಡಿ.

ಪ್ರಶ್ನೆ: ನಮ್ಮ ದೇಶದವರೂ ಅಲ್ಲಿ ಕ್ಲಬ್ ಕೊಂಡಿದ್ದಾರಂತೆ, ಹೌದೇ? (ಒಬ್ಬ ಓದುಗರು, ಚಿಂತಾಮಣಿ)

ಉತ್ತರ: ಹೌದು. ಕೋಳಿ ವ್ಯಾಪಾರದ ಪುಣೆಯ ವೆಂಕೀಸ್ 2010ರಲ್ಲಿ ಬ್ಲ್ಯಾಕ್‌ಬರ್ನ್ ರೋವರ್ಸ್ ಕೊಂಡಿತು. 1995ರಲ್ಲಿ ಪ್ರೀಮಿಯರ್ ಲೀಗ್ ಗೆದ್ದ ಕ್ಲಬ್ ಅದು. 2012ರಲ್ಲಿ ಕೆಳಗೆ ಬಿದ್ದ ರಾತ್ರಿ ಅಭಿಮಾನಿಗಳು ಮೈದಾನಕ್ಕೆ ಜೀವಂತ ಕೋಳಿಯನ್ನೇ ಬಿಟ್ಟರು, ಮೈಮೇಲೆ ಕ್ಲಬ್ಬಿನ ಬಾವುಟ ಹೊದಿಸಿ. ಪಾಪ, ಕೋಳಿಯದೇನು ತಪ್ಪು? ಬೈದರೂ ವರ್ಷವರ್ಷ ನಷ್ಟ ತುಂಬಿದವರು ಇವರೇ ಅನ್ನುವುದನ್ನೂ ಹೇಳಬೇಕು. 2025ರ ಆಗಸ್ಟ್‌ನಲ್ಲಿ ಮುಚ್ಚುವ ಹಂತಕ್ಕೆ ಬಂದಿದ್ದ ಮೋರ್ಕಮ್ ಕ್ಲಬ್ಬನ್ನು ಪಂಜಾಬ್ ವಾರಿಯರ್ಸ್ ಎಂಬ ಲಂಡನ್ನಿನ ಸಿಖ್ಖರ ಗುಂಪು ಉಳಿಸಿಕೊಂಡಿತು. ಒಳ್ಳೆಯದೇ. ಆದರೆ ಒಂದು ಊರಿನ ಕ್ಲಬ್ ಉಳಿಯಲು ಪ್ರತಿ ಸಲ ಯಾರೋ ದೂರದ ಶ್ರೀಮಂತರ ಮನಸ್ಸು ಕರಗಬೇಕು ಅನ್ನುವುದು ನನಗೆ ಸರಿ ಕಾಣುವುದಿಲ್ಲ.

ಪ್ರಶ್ನೆ: ಅಂಕಲ್, ಒಂದು ದಿನ ನಿಮಗೇ ಅಧಿಕಾರ ಸಿಕ್ಕರೆ ಏನು ಮಾಡುತ್ತೀರಿ? (ಒಂಬತ್ತನೇ ತರಗತಿ ವಿದ್ಯಾರ್ಥಿ, ಶಿರಸಿ)

ಉತ್ತರ: ಒಂದು ದಿನದಲ್ಲಿ ಎರಡು ಕೆಲಸ ಆಗಬಹುದು, ಮರಿ. ಒಂದು, ವಿದೇಶದಿಂದಲೋ ಒಬ್ಬರಿಂದೊಬ್ಬರೋ ಆಟಗಾರರನ್ನು ಕೊಳ್ಳುವ ಪ್ರೀಮಿಯರ್ ಲೀಗ್ ಕ್ಲಬ್‌ಗಳಿಗೆ ಹತ್ತು ಶೇಕಡಾ ಸುಂಕ. ಇದು ನನ್ನ ತಲೆಯಿಂದ ಬಂದದ್ದಲ್ಲ. 2021ರಲ್ಲಿ ಟ್ರೇಸಿ ಕ್ರೌಚ್ ಎಂಬ ಸಂಸದೆ ಅಭಿಮಾನಿಗಳ ಮಾತು ಕೇಳಿ ಕೊಟ್ಟ ವರದಿಯಲ್ಲೇ ಇತ್ತು. ಕಾಯ್ದೆ ಬಂತು, ಸುಂಕ ಬರಲಿಲ್ಲ. 2025ರ ಬೇಸಿಗೆಯಲ್ಲಿ ಆ ಕ್ಲಬ್‌ಗಳು ಮೂರು ಬಿಲಿಯನ್ ಪೌಂಡ್ ದಾಟಿ ಖರ್ಚು ಮಾಡಿದವು. ಹತ್ತು ಶೇಕಡಾ ಎಂದರೆ ಎಷ್ಟು, ನೀನೇ ಲೆಕ್ಕ ಹಾಕು.

ಎರಡು, ಎಫ್‌ಎ ಕಪ್ಪಿನ ಮರುಪಂದ್ಯವನ್ನು ವಾಪಸ್ ತರುತ್ತೇನೆ. ದೊಡ್ಡವರಿಗೆ ಪಂದ್ಯ ಜಾಸ್ತಿಯಾಯಿತು ಎಂದು 2024-25ರಿಂದ ಮುಖ್ಯ ಸುತ್ತುಗಳಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಕೆಳಗಿನ ಕ್ಲಬ್‌ಗಳನ್ನು ಒಂದು ಮಾತೂ ಕೇಳಲಿಲ್ಲ ಎಂಬುದು ಅವುಗಳ ದೂರು. ಇದರಲ್ಲಿ ನನ್ನ ಸ್ವಾರ್ಥವೂ ಇದೆ. 2005ರಲ್ಲಿ ಮರುಪಂದ್ಯದ ಟಿಕೆಟ್ಟಿಗೆ ನಾನು ಆರಾಮವಾಗಿ ತಿಂಡಿ ತಿಂದು ಹೋದೆ. ಸಾಲು ರಸ್ತೆಯ ತಿರುವು ದಾಟಿತ್ತು. ಟಿಕೆಟ್ ಸಿಗಲಿಲ್ಲ, ರೂಮಿನಲ್ಲಿ ಹೀಟರ್ ಪಕ್ಕ ಕೂತು ರೇಡಿಯೋ ಕೇಳಿದೆ. ಮುಂದಿನ ಸಲ ಬೆಳಗಿನ ಜಾವ ನಾಲ್ಕಕ್ಕೇ ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಹೋಗುತ್ತೇನೆ.