ಐದು ಜೇಬಿನ ಚರ್ಮದ ಪಟ್ಟಿ: ಬೆಲೆ ಎಷ್ಟಿರಬಹುದು?

ನಿಮ್ಮ ಹತ್ತಿರ ಭುಜಕ್ಕೆ ಹಾಕುವ ಕಂದು ಚರ್ಮದ ಪಟ್ಟಿ ಇದೆ, ಐದು ಜೇಬು, 1915ರ ಮುದ್ರೆ, ಬೆಲೆ ಎಷ್ಟು ಅಂತ ಕೇಳಿದಿರಿ. ಇದು ಬ್ರಿಟಿಷ್ ಸೈನ್ಯದ 1903 ಮಾದರಿಯ ಬ್ಯಾಂಡೋಲಿಯರ್, ಅಂದ್ರೆ ಗುಂಡು ಇಡುವ ಪಟ್ಟಿ ಅನ್ಸುತ್ತೆ. ಜೇಬಿಗೆ ಹತ್ತರಂತೆ .303 ಇಂಚಿನ ರೈಫಲ್ ಗುಂಡು 50 ಹಿಡಿಯುತ್ತಿತ್ತು. ಕುದುರೆ ಸವಾರರದ್ದಕ್ಕೆ ಒಂಬತ್ತು ಜೇಬು.

ಮೊದಲು ಜೇಬು ನೋಡಿ. ಗುಂಡು ಉಳಿದಿದ್ದರೆ ಮುಟ್ಟಬೇಡಿ, ಪೊಲೀಸರಿಗೆ ತಿಳಿಸಿ.

ಆಮೇಲೆ ಚರ್ಮದ ಮೇಲೆ ಬಾಣದ ಗುರುತು ಇದೆಯಾ ನೋಡಿ, ಅದು ಸರ್ಕಾರಿ ಸ್ವತ್ತಿನ ಮುದ್ರೆ. ಅದರ ಕೆಳಗೆ ‘ಐ’ (I) ಇದ್ದರೆ ಭಾರತದ್ದು, ಬಾಣ ‘ಸಿ’ (C) ಅಕ್ಷರದೊಳಗಿದ್ದರೆ ಕೆನಡಾದ್ದು. ಎರಡು ಬಾಣ ಮೊನೆಗೆ ಮೊನೆ ತಾಗಿದ್ದರೆ ಸೈನ್ಯವೇ ಮಾರಿಬಿಟ್ಟ ಮಾಲು.

ಬೆಲೆ ನಿಲ್ಲೋದು ಹಳೆ ಹೊಲಿಗೆ, ಮುರಿಯದ ಬಕಲ್, ಓದಲಾಗುವ ಮುದ್ರೆ ಮೇಲೆ. ರೆಜಿಮೆಂಟ್ ಹೆಸರಿದ್ದರೆ ಇನ್ನೂ ಜಾಸ್ತಿ. ಹರಾಜಿನಲ್ಲಿ ನಿಜಕ್ಕೂ ಮಾರಾಟವಾದ ದರ ಹುಡುಕಿ, ಕೇಳುವ ದರ ಸುಮ್ನೆ ಆಸೆ ಅಷ್ಟೇ. ಎಣ್ಣೆ, ಪಾಲಿಶ್ ಮಾತ್ರ ಹಚ್ಚಬೇಡಿ. ಚರ್ಮ ಕಪ್ಪಾಗುತ್ತೆ. ಮುದ್ರೆಯ ಫೋಟೋ ಹಾಕ್ತೀರಾ?